ಪುಟ್ಟ ಪೆಟ್ಟಿಗೆಯ ಕಾವು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಿಂದ ಬೆಂಗಳೂರಿಗೆ ಓದಲೆಂದೋ ದುಡಿಯಲೆಂದೋ ಹೋಗಿರುವ ತರುಣ ತರುಣಿಯರ ಸಂಖ್ಯೆ ಅಲ್ಪವಲ್ಲ. ವಾರವೆಲ್ಲ ಅಲ್ಲಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಸಂಜೆ ಬಸ್ಸಿನಲ್ಲಿ, ಮಾಲೂರಿನವರಾದರೆ ರೈಲಿನಲ್ಲಿ, ಊರಿಗೆ ಮರಳುವ ಈ ಮಕ್ಕಳಲ್ಲಿ ಕೆಲವರ ಮಡಿಲಲ್ಲಿ ಈಗ ಹೊಸದೊಂದು ಪೆಟ್ಟಿಗೆ ಕಾಣಿಸಿಕೊಂಡಿದೆ. ಗಾತ್ರದಲ್ಲಿ ಅದು ನಮ್ಮ ಅಡುಗೆಮನೆಯ 15 ಕಿಲೋ ಎಣ್ಣೆ ಡಬ್ಬಕ್ಕಿಂತ ಚಿಕ್ಕದು. ಆದರೂ ಅದರೊಳಗೆ ಅಡಗಿರುವುದು ಪೂರ್ಣ ಪ್ರಮಾಣದ ಗಣಕಯಂತ್ರ. ಅದರಲ್ಲಿಯೂ ಭಾರಿ ಆಟಗಳನ್ನು ಆಡಿಸಬಲ್ಲಂಥದು. ಬಲ್ಲವರು ಇದನ್ನು ‘ಸ್ಮಾಲ್ ಫಾರ್ಮ್ ಫ್ಯಾಕ್ಟರ್’ ಎನ್ನುತ್ತಾರೆ. ನಾವು ಕಿರುಗಾತ್ರದ ಯಂತ್ರವೆಂದು ಕರೆಯೋಣ.

ಆಟವು ಮಕ್ಕಳಿಗೆ ಹಿತವೋ ಅಹಿತವೋ ಎಂಬ ಚರ್ಚೆ ಬೇರೆ ಪುಟಗಳಿಗೆ ಸೇರಿದ್ದು. ಆಟಕ್ಕೆ ತಕ್ಕುದಾದ ಯಂತ್ರವೇ ಇಂಜಿನಿಯರಿಂಗ್ ನಕ್ಷೆ ಬಿಡಿಸಲಿಕ್ಕೂ, ಚಲನಚಿತ್ರದ ತುಣುಕುಗಳನ್ನು ಜೋಡಿಸಲಿಕ್ಕೂ ಬೇಕಾಗುತ್ತದೆಂಬುದನ್ನು ಮಾತ್ರ ಹಿರಿಯರು ಗಮನಿಸಬೇಕು. ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ, ಎಂಬತ್ತು ಸಾವಿರವೋ ಲಕ್ಷವೋ ವ್ಯಯಿಸಿ ಜೋಡಿಸಿದ ಈ ಯಂತ್ರ ಅನೇಕ ಮನೆಗಳಲ್ಲಿ ಒಂದು ವರ್ಷದ ಉಳಿತಾಯವೇ ಸರಿ. ಸಂಕ್ರಾಂತಿಯ ಹೊತ್ತಿಗೆ ಜೋಡಿಸಿದ್ದು ಚೆನ್ನಾಗಿಯೇ ನಡೆಯುತ್ತದೆ. ಯುಗಾದಿ ದಾಟಿದ ಮೇಲೆ ಫ್ಯಾನುಗಳು ಹುಯಿಲಿಡುತ್ತವೆ, ಚಿತ್ರ ತಡವರಿಸುತ್ತದೆ, ಒಂದು ಮಧ್ಯಾಹ್ನ ಯಂತ್ರ ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ತಂದೆಯವರು, ಹಗಲಿರುಳೂ ಆಡಿದ್ದರ ಫಲವೆಂದು ತಾಯಿಯವರು. ನಿಜವಾದ ಕಾರಣ ಬಹುತೇಕ ಕಾವು. ಅದಕ್ಕೆ ಪರಿಹಾರವಿದೆ, ಹೆಚ್ಚಿನ ಪಾಲು ಕಾಸಿಲ್ಲದ ಪರಿಹಾರವೇ.

ಯಂತ್ರವು ಹೀರಿಕೊಳ್ಳುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಇದು ಪ್ರಕೃತಿಯ ನಿಯಮ. ದುಬಾರಿ ಯಂತ್ರಕ್ಕೆ ಇದರಿಂದ ವಿನಾಯಿತಿಯಿಲ್ಲ. 300 ವ್ಯಾಟ್ ಬಳಸುವ ಪೆಟ್ಟಿಗೆ 300 ವ್ಯಾಟಿನ ಒಲೆಯೂ ಹೌದು. ಫ್ಯಾನು ಶಾಖವನ್ನು ನಾಶಮಾಡುವುದಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ, ಅಷ್ಟೇ. ಎಷ್ಟು ಗಾಳಿ ಬೇಕೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಳಹೋದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಬರಬೇಕೆಂದರೆ, 300 ವ್ಯಾಟನ್ನು ಹೊತ್ತೊಯ್ಯಲು ಬೇಸಿಗೆಯ ದಿನ ಸಮುದ್ರತೀರದಲ್ಲಿ ಸೆಕೆಂಡಿಗೆ ಸುಮಾರು 26 ಲೀಟರು ಗಾಳಿ ಬೇಕು. ಕೋಲಾರವು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತುಸು ತೆಳು. ಆದ್ದರಿಂದ ನಮಗೆ 29 ಲೀಟರಿನ ಆಸುಪಾಸು ಬೇಕಾಗುತ್ತದೆ. ಪೆಟ್ಟಿಗೆಯ ಒಟ್ಟು ಅವಕಾಶವೇ 10 ಲೀಟರೆಂದಿಟ್ಟುಕೊಳ್ಳಿ. ಅದರೊಳಗಿನ ಗಾಳಿ ಪ್ರತಿ ಸೆಕೆಂಡಿಗೂ ಮೂರು ಸಲದಷ್ಟು ಬದಲಾಗಬೇಕು! ಸಾಧಾರಣ ಗಣಕಯಂತ್ರದ 40-50 ಲೀಟರಿನ ದೊಡ್ಡ ಪೆಟ್ಟಿಗೆಗೂ ಗಾಳಿ ಬೇಕಾಗುವುದು ಅಷ್ಟೇ. ಆದರೆ ಅಲ್ಲಿ ಅದು ಅಡ್ಡಾಡಲು ಜಾಗವಿದೆ, ಅಗಲವಾದ ಫ್ಯಾನುಗಳಿಗೆ ಎಡೆಯಿದೆ, ಒಂದು ತಂತಿ ಅಡ್ಡ ಬಂದರೂ ನಡೆಯುತ್ತದೆ. ಇಲ್ಲಿ ಒಂದು ತಂತಿಯ ಕಟ್ಟು ಫ್ಯಾನಿನ ಬಾಯಿಗೆ ಬಿದ್ದರೆ ದಾರಿಯೇ ಮುಚ್ಚಿಹೋಗುತ್ತದೆ.

ಇಕ್ಕಟ್ಟಿನಲ್ಲಿ ಕಾವನ್ನು ಆಳುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸತಲ್ಲ. ಚಿನ್ನದ ಗಣಿಗಳ ನೆನಪು ಹಿರಿಯ ಓದುಗರಿಗೆ ಮಾಸಿರಲಾರದು. 2001ರ ಫೆಬ್ರವರಿ 28ರಂದು ಮುಚ್ಚುವ ಮೊದಲು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು. ಆ ಆಳದಲ್ಲಿ ಬಂಡೆಯೇ 60 ಡಿಗ್ರಿ ಮೀರಿ ಕಾದಿರುತ್ತಿತ್ತು. ಅಲ್ಲಿ ಮನುಷ್ಯ ದುಡಿಯಬೇಕಾದರೆ ಒಂದು ಬಾವಿಯಿಂದ ಗಾಳಿ ಇಳಿಯಬೇಕು, ಕೆಲಸದ ಜಾಗವನ್ನು ಹಾದು ಮತ್ತೊಂದು ಬಾವಿಯಿಂದ ಮೇಲೇರಬೇಕು. ಮೇಲೆ ಸ್ಥಾವರಗಳನ್ನಿಟ್ಟು ಗಾಳಿಯನ್ನು ತಂಪು ಮಾಡಿ ಇಳಿಸಿದ್ದೂ ಉಂಟು. ಆದರೆ ತಂಪು ಮಾಡುವುದಕ್ಕಿಂತ ಕಠಿನವಾದ ಕೆಲಸ ಗಣಿಯ ಗಾಳಿಗೆ ದಾರಿ ತೋರಿಸುವುದು. ಇಳಿದ ಗಾಳಿ ಕೆಲಸಗಾರರನ್ನು ಮುಟ್ಟುವ ಮೊದಲೇ ಅಡ್ಡದಾರಿ ಹಿಡಿದು ಏರುವ ಬಾವಿಗೆ ಸೇರಿಬಿಟ್ಟರೆ ಮೇಲಿನ ಯಂತ್ರಗಳ ಶ್ರಮವೆಲ್ಲ ನೀರಿನಲ್ಲಿ ಹೋಮ. ಆದುದರಿಂದಲೇ ಗಣಿಯ ಸುರಂಗಗಳಲ್ಲಿ ಅಲ್ಲಲ್ಲಿ ಬಾಗಿಲುಗಳನ್ನಿಡುತ್ತಾರೆ, ಕೆಲಸ ಮುಗಿದ ಪೊಳ್ಳುಗಳನ್ನು ಗೋಡೆ ಕಟ್ಟಿ ಮುಚ್ಚುತ್ತಾರೆ.

ಕಿರುಗಾತ್ರದ ಪೆಟ್ಟಿಗೆಯಲ್ಲಿ ಆಗುವುದೂ ಇದೇ. ನಮ್ಮ ತರುಣರು ಫ್ಯಾನುಗಳನ್ನು ಹೆಚ್ಚಿಸುತ್ತ ಹೋಗುತ್ತಾರೆ, ಗಾಳಿಯ ದಾರಿಯನ್ನು ನೋಡುವುದಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇರಿಸಿದರೆ ಹಿಂದಿನಿಂದ ಹೊರಟ ಬಿಸಿಗಾಳಿ ಗೋಡೆಗೆ ಬಡಿದು ಪಕ್ಕದ ಜಾಲರಿಯಿಂದ ಮತ್ತೆ ಒಳಹೊಕ್ಕುತ್ತದೆ. ಯಂತ್ರ ತಾನು ಬಿಟ್ಟ ಉಸಿರನ್ನೇ ತಾನು ಎಳೆದುಕೊಳ್ಳುತ್ತಿರುತ್ತದೆ. ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸುವುದಕ್ಕೆ ಹಣ ಬೇಕಿಲ್ಲ.

ಇನ್ನು ಕೊಳ್ಳುವ ವಿಚಾರ. ನಮ್ಮ ಅಭಿಪ್ರಾಯದಲ್ಲಿ ಮಕ್ಕಳು ಆರಂಭಿಸುವ ಕ್ರಮವೇ ತಿರುವುಮುರುವು. ಮೊದಲು ಅಂದದ ಪೆಟ್ಟಿಗೆಯನ್ನು ಆರಿಸಿ, ಆಮೇಲೆ ಅದರೊಳಗೆ ಎಷ್ಟು ಬಲವಾದದ್ದನ್ನು ತುರುಕಬಹುದೆಂದು ನೋಡುತ್ತಾರೆ. ಮೊದಲು ನಿಶ್ಚಯಿಸಬೇಕಾದದ್ದು ವ್ಯಾಟುಗಳನ್ನು. ಆಟದ ಯಂತ್ರದಲ್ಲಿ ಕಾವಿನ ಮೂಲ ಎರಡು: ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡು. ಎ.ಎಂ.ಡಿ. ಕಂಪನಿಯ ರೈಜನ್ 5 7600 ಎಂಬ ಪ್ರೊಸೆಸರಿನ ಡಬ್ಬದ ಮೇಲೆ 65 ವ್ಯಾಟ್ ಎಂದಿದೆ. ಪೂರ್ಣ ದುಡಿಮೆಯಲ್ಲಿ ಅದು 88ರವರೆಗೆ ಎಳೆಯಬಹುದು. ಇಂಟೆಲ್ ಕಂಪನಿಯ ಕೋರ್ ಐ9 14900ಕೆ ಮೇಲೆ ಬರೆದಿರುವುದು 125, ಎಳೆಯಬಹುದಾದದ್ದು 253. ಡಬ್ಬದ ಮೇಲಿನ ಮೊದಲ ಅಂಕಿಯನ್ನು ನಂಬಿ ಲೆಕ್ಕ ಹಾಕಬಾರದೆಂಬುದಕ್ಕೆ ಇದು ಸಾಕು. ಕಾರ್ಡುಗಳಲ್ಲಿ 2023ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಬಳಸುವುದು 115 ವ್ಯಾಟ್, ಅದರ ಅಣ್ಣ 4070 ಬಳಸುವುದು 200, ಹಿರಿಯಣ್ಣ 4090 ಬಳಸುವುದು 450. ಇವುಗಳ ಮೇಲೆ ಮದರ್‌ಬೋರ್ಡು, ಮೆಮೊರಿ, ಫ್ಯಾನುಗಳಿಗೆ 40-50 ಸೇರಿಸಿ, ಎಸ್.ಎಂ.ಪಿ.ಎಸ್. ತಾನೇ ಕಳೆಯುವ ಹತ್ತನೆಯ ಒಂದು ಪಾಲನ್ನೂ ಸೇರಿಸಿರಿ. 7600 ಮತ್ತು 4060 ಕೂಡಿದರೆ ಎಷ್ಟು ದುಡಿಸಿದರೂ 300ರೊಳಗೆ ನಿಲ್ಲುತ್ತದೆ. 10 ಲೀಟರಿನ ಪೆಟ್ಟಿಗೆಗೆ, ಹವಾನಿಯಂತ್ರಣವಿಲ್ಲದ ನಮ್ಮ ಕೋಣೆಗಳಿಗೆ ಇದು ಯೋಗ್ಯವಾದ ಮೇರೆ. 450 ವ್ಯಾಟಿನ ಕಾರ್ಡನ್ನು ಎಣ್ಣೆ ಡಬ್ಬದೊಳಗೆ ಹೊಂದಿಸಿದ ಸಾಹಸಿಗರೂ ಇದ್ದಾರೆ. ಅವರ ಕೋಣೆ ಯಾವ ದೇಶದಲ್ಲಿದೆ ಎಂಬುದನ್ನು ಮೊದಲು ಕೇಳಬೇಕು.

ಇದು ಹಾಸ್ಯಕ್ಕೆ ಆಡಿದ ಮಾತಲ್ಲ. ಯಂತ್ರದ ಒಳಗಣ ಕಾವು ಕೋಣೆಯ ಕಾವಿನ ಮೇಲೆ ನಿಂತ ಕಟ್ಟಡ. ದುಡಿಮೆಯೂ ಫ್ಯಾನಿನ ವೇಗವೂ ಒಂದೇ ಇದ್ದು ಕೋಣೆ ಒಂದು ಡಿಗ್ರಿ ಏರಿದರೆ, ಪ್ರೊಸೆಸರೂ ಹೆಚ್ಚು ಕಡಿಮೆ ಒಂದು ಡಿಗ್ರಿ ಏರುತ್ತದೆ. ಹೊರದೇಶದ ಪರೀಕ್ಷಕರು 20-22 ಡಿಗ್ರಿಯ ಕೋಣೆಯಲ್ಲಿ ಕುಳಿತು ‘72 ಡಿಗ್ರಿ ಮಾತ್ರ’ ಎಂದು ಮೆಚ್ಚಿಕೊಂಡ ಪೆಟ್ಟಿಗೆ, ಏಪ್ರಿಲಿನ ಮಧ್ಯಾಹ್ನ 35 ಡಿಗ್ರಿಯ ಮುಳಬಾಗಿಲಿನ ಮನೆಯಲ್ಲಿ 85 ಮುಟ್ಟುತ್ತದೆ. ಅವರ ಅಂಕಿಗೆ 13-15 ಕೂಡಿಸಿಕೊಂಡೇ ಕೊಳ್ಳುವ ತೀರ್ಮಾನ ಮಾಡಬೇಕು. ಸಂಕ್ರಾಂತಿಯಲ್ಲಿ ಸುಖವಾಗಿದ್ದ ಯಂತ್ರ ಯುಗಾದಿಯ ನಂತರ ಮೊರೆಯಿಡುವುದರ ಗುಟ್ಟೂ ಇದೇ.

ಮಿತಿ ಮೀರಿದರೆ ಆಗುವುದೇನು? ಮೇಲೆ ಹೇಳಿದ 7600 ಪ್ರೊಸೆಸರಿಗೆ ಗರಿಷ್ಠ 95 ಡಿಗ್ರಿ ಎಂದು ತಯಾರಕರೇ ಗೊತ್ತುಮಾಡಿದ್ದಾರೆ. ಅಲ್ಲಿಗೆ ತಲುಪಿದೊಡನೆ ಅದು ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ನರಸಾಪುರದ ಕಾರ್ಖಾನೆಯಲ್ಲಿ ಜೋಡಣೆಯಾಗುವ ಐಫೋನುಗಳೂ ಬಿಸಿಲಿನಲ್ಲಿ ಹೀಗೆಯೇ ಮಂದವಾಗುತ್ತವೆ. ಅವಕ್ಕೆ ಫ್ಯಾನೇ ಇಲ್ಲವಷ್ಟೆ. ಆದಕಾರಣ 90 ಕಂಡೊಡನೆ ಗಾಬರಿ ಬೀಳಬೇಕಾಗಿಲ್ಲ. ಹಾನಿ ಮೆಲ್ಲಗೆ ಆಗುವುದು ಬೇರೆಡೆ. ಎಸ್.ಎಂ.ಪಿ.ಎಸ್. ಒಳಗೆ ದ್ರವ ತುಂಬಿದ ಕೆಪಾಸಿಟರುಗಳಿರುತ್ತವೆ. ಅವುಗಳ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಇಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಸ್ಥೂಲ ಲೆಕ್ಕ. ಹತ್ತು ವರ್ಷ ಬಾಳಬೇಕಾದದ್ದು ಐದಕ್ಕೆ ಕೈಕೊಟ್ಟರೆ ಮನೆಯವರಿಗೆ ಅದು ಕಾವಿನ ಫಲವೆಂದು ತಿಳಿಯುವ ಬಗೆಯೇ ಇಲ್ಲ. ಈ ಪುಟ್ಟ ಪೆಟ್ಟಿಗೆಗಳಿಗೆ ಬೇಕಾದ ಎಸ್‌ಎಫ್‌ಎಕ್ಸ್ ಅಳತೆಯ ಎಸ್.ಎಂ.ಪಿ.ಎಸ್. ಬೆಲೆ ಹೆಚ್ಚು, ಹಣ ಉಳಿಸಲು ಹೊರಡುವವರು ಮೊದಲು ಕೈಹಾಕುವುದೂ ಅದಕ್ಕೇ. ಉಳಿತಾಯ ಮಾಡಲೇಬೇಕಾದರೆ ಗಾಜಿನ ಬಾಗಿಲು, ಬಣ್ಣದ ದೀಪಗಳಲ್ಲಿ ಮಾಡಲಿ.

ಗಾಜಿನ ವಿಷಯ ಬಂದುದರಿಂದ ಒಂದು ಮಾತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣನ್ನು ತುಂಬುವ ಪೆಟ್ಟಿಗೆಗಳಿಗೆ ಸಂದುಗಳಿರುವುದೇಕೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಕಾವು ಬಿಡುತ್ತದೆ; ಸಂದಿಲ್ಲದಿದ್ದರೆ ನಡುವಿನ ಹಣ್ಣು ಕೊಳೆಯುತ್ತದೆ. 18 ಲೀಟರಿನ ಕೂಲರ್ ಮಾಸ್ಟರ್ ಎನ್‌ಆರ್200ಪಿ ಪೆಟ್ಟಿಗೆಯೊಡನೆ ಪಕ್ಕಕ್ಕೆ ಗಾಜಿನದೊಂದು, ತೂತುಗಳಿರುವ ಉಕ್ಕಿನದೊಂದು ಹೀಗೆ ಎರಡು ಬಾಗಿಲುಗಳನ್ನು ಕೊಡುತ್ತಿದ್ದರು. ನೆಂಟರು ಬಂದಾಗ ಗಾಜನ್ನು ತೊಡಿಸಬಹುದು. ಉಳಿದ ದಿನಗಳಲ್ಲಿ, ಮುಖ್ಯವಾಗಿ ಶಿವರಾತ್ರಿ ಕಳೆದ ಮೇಲೆ, ತೂತಿನ ಬಾಗಿಲೇ ಇರಲಿ. ಮೊದಲ ಸಲ ಜೋಡಿಸುವವರಿಗೆ ಈ 18 ಲೀಟರಿನ ಗಾತ್ರವನ್ನೇ ನಾವು ಸೂಚಿಸುತ್ತೇವೆ. ಡ್ಯಾನ್ ಎ4 ಎಂಬುದು 7.2 ಲೀಟರಿನದು; ಅದು ಕೈಪಳಗಿದವರಿಗೆ.

ಅಂಥ ಬಹು ಚಿಕ್ಕ ಪೆಟ್ಟಿಗೆಗಳಲ್ಲಿ ನಡುವೆ ಒಂದು ತಡಿಕೆಯಿದ್ದು, ಒಂದು ಪಕ್ಕದಲ್ಲಿ ಮದರ್‌ಬೋರ್ಡು, ಇನ್ನೊಂದು ಪಕ್ಕದಲ್ಲಿ ಗ್ರಾಫಿಕ್ಸ್ ಕಾರ್ಡು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುತ್ತವೆ. ಈ ಮದರ್‌ಬೋರ್ಡು 17 ಸೆಂಟಿಮೀಟರ್ ಚೌಕ, ಗೇಣಿಗೂ ಕಡಿಮೆ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ ಎಂಬ ಅಳತೆ. ಎರಡು ಮನೆಗಳಿಗೆ ಎರಡು ಕಿಟಕಿಗಳಿದ್ದಂತೆ ಕಾರ್ಡು ತನ್ನ ಪಕ್ಕದ ಜಾಲರಿಯಿಂದ, ಪ್ರೊಸೆಸರು ತನ್ನ ಪಕ್ಕದ ಜಾಲರಿಯಿಂದ ಹೊರಗಿನ ಗಾಳಿಯನ್ನು ನೇರವಾಗಿ ಎಳೆಯುತ್ತವೆ. ಒಳ್ಳೆಯ ಯುಕ್ತಿ. ಆದರೆ ಫ್ಯಾನಿಗೂ ಜಾಲರಿಗೂ ನಡುವೆ ಎರಡು ಮೂರು ಸೆಂಟಿಮೀಟರ್ ಖಾಲಿ ಉಳಿದರೆ ಫ್ಯಾನು ಹೊರಗಿನ ಗಾಳಿಯನ್ನು ಬಿಟ್ಟು ಒಳಗಿನ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಆ ಖಾಲಿಯನ್ನು ಸ್ಪಂಜಿನ ಪಟ್ಟಿಯಿಂದ ಸುತ್ತ ಕಟ್ಟಿ ಫ್ಯಾನಿಗೆ ಒಂದು ಕೊಳವೆಬಾಯಿ ಮಾಡಿಕೊಟ್ಟರೆ ಕಾವು ಹಲವು ಡಿಗ್ರಿ ಇಳಿಯುವುದುಂಟು. ಗಣಿಯ ಬಾಗಿಲು ಮಾಡುತ್ತಿದ್ದ ಕೆಲಸವೇ ಇದು. ಫಲಕದ ಬೆನ್ನಿನಲ್ಲಿ ಎಸ್‌ಎಸ್‌ಡಿ ಕೂರಿಸುವ ಸ್ಥಳವೊಂದಿರುತ್ತದೆ. ಅಲ್ಲಿ ಗಾಳಿಯಾಡುವುದೇ ಇಲ್ಲವಾದ್ದರಿಂದ ಹೆಚ್ಚು ದುಡಿಯುವ ಎಸ್‌ಎಸ್‌ಡಿಯನ್ನು ಮುಂಬದಿಗೇ ಹಾಕುವುದು ಲೇಸು.

ಬಿಸಿಗಾಳಿ ಮೇಲೇರುತ್ತದೆಂದು ಶಾಲೆಯಲ್ಲಿ ಕಲಿತದ್ದನ್ನು ನೆನೆದು ಕೆಲವರು ಎಲ್ಲವನ್ನೂ ಅದಕ್ಕೇ ಬಿಟ್ಟುಕೊಡುತ್ತಾರೆ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಎತ್ತರದ ಚಿಮಣಿ ಗಾಳಿಯನ್ನು ಎಳೆಯುವುದು ನಿಜ. ಅಲ್ಲಿ ಎತ್ತರವೂ ಇದೆ, ನೂರಾರು ಡಿಗ್ರಿಯ ಅಂತರವೂ ಇದೆ. ಒಂದು ಮೊಳ ಎತ್ತರದ ಪೆಟ್ಟಿಗೆಯಲ್ಲಿ ಆ ಸೆಳೆತ ಬಲು ದುರ್ಬಲ, ಫ್ಯಾನಿನ ಮುಂದೆ ಲೆಕ್ಕಕ್ಕಿಲ್ಲ. ಮೇಲಿನ ಫ್ಯಾನು ಗಾಳಿಯನ್ನು ಹೊರದಬ್ಬುವಂತೆ ಜೋಡಿಸಿದರೆ ಎರಡೂ ಒಂದೇ ದಿಕ್ಕಿಗೆ ದುಡಿಯುತ್ತವೆ. ಅಷ್ಟು ಸಾಕು.

ಮಾಲೂರಿನ ಹೆಂಚಿನ ಮಾತು ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಹೆಂಚಿನ ಮಾಡಿದ್ದ ಹಳೆಯ ಮನೆಗಳಲ್ಲಿ ಸಂದುಗಳಿಂದ ಬಿಸಿಗಾಳಿ ತಾನಾಗಿ ಹೊರಹೋಗುತ್ತಿತ್ತು, ಗವಾಕ್ಷಿಗಳೂ ಇದ್ದವು. ಈಗಿನ ಆರ್.ಸಿ.ಸಿ. ಮಾಳಿಗೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೊಂದಾದರೂ ಕೋಣೆಯೊಳಗೆ ಕಾವನ್ನು ಕಾರುತ್ತಿರುತ್ತದೆ. ಹಗುರ ದುಡಿಮೆಯ ಒಬ್ಬ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ. 300 ವ್ಯಾಟಿನ ಯಂತ್ರವೆಂದರೆ ಹತ್ತಡಿ ಚೌಕದ ಕೋಣೆಯಲ್ಲಿ ಮತ್ತೆ ಮೂವರು ಬಂದು ಕುಳಿತಂತೆ. ಬಾಗಿಲು ಕಿಟಕಿ ಮುಚ್ಚಿ ಆಡತೊಡಗಿದರೆ ಕೋಣೆ ಏರುತ್ತದೆ, ಕೋಣೆ ಏರಿದಂತೆ ಯಂತ್ರವೂ ಏರುತ್ತದೆ. ಪೆಟ್ಟಿಗೆಗೆ ಎಷ್ಟು ಫ್ಯಾನು ಹಾಕಿದರೂ ಕಿಟಕಿ ತೆರೆಯದ ಕೋಣೆಯಲ್ಲಿ ಅದು ಅರ್ಧ ಪರಿಹಾರವೇ. ಸಂಜೆ ಕಿಟಕಿ ತೆರೆದು, ಮೇಜಿನ ಫ್ಯಾನನ್ನು ಹೊರಮುಖವಾಗಿ ಇಟ್ಟು ನೋಡಿರಿ. ಕಂಪ್ಯೂಟರ್ ಮೇಜಿನ ಬಾಗಿಲಿರುವ ಖಾನೆ, ಗೋಡೆಯ ಗೂಡು, ಬೀರು, ಹಾಸಿಗೆಯ ಮೂಲೆ ಇವಾವೂ ಈ ಯಂತ್ರಕ್ಕೆ ತಕ್ಕ ಜಾಗವಲ್ಲ. ನೀರು ತುಂಬುವ ಕೂಲರನ್ನು ಕೋಣೆಗೆ ಇಟ್ಟುಕೊಳ್ಳಬಹುದು. ನಮ್ಮದು ಒಣ ಸೀಮೆಯಾದುದರಿಂದ ಅದು ಚೆನ್ನಾಗಿ ಫಲಿಸುತ್ತದೆ. ಅದರ ತೇವದ ಗಾಳಿಯನ್ನು ನೇರವಾಗಿ ಯಂತ್ರದ ಮೇಲೆ ಮಾತ್ರ ಬಿಡಬಾರದು.

ಧೂಳು ಈ ಸೀಮೆಯ ಇನ್ನೊಂದು ಶತ್ರು. ಇಟ್ಟಿಗೆ ಗೂಡು, ಕಲ್ಲು ಒಡೆಯುವ ಕ್ರಷರು, ರಸ್ತೆಯ ಬದಿ ಇವುಗಳ ಸಮೀಪದ ಮನೆಗಳಲ್ಲಿ ಜಾಲರಿಗಳು ತಿಂಗಳೊಳಗೇ ಕಟ್ಟಿಕೊಳ್ಳುತ್ತವೆ. ಒಳಗೆಳೆಯುವ ಫ್ಯಾನುಗಳ ಬಲ ಹೊರದಬ್ಬುವವುಗಳಿಗಿಂತ ತುಸು ಹೆಚ್ಚಿದ್ದರೆ ಗಾಳಿ ಜಾಲರಿಯ ಮೂಲಕವೇ ಒಳಬರುತ್ತದೆ. ಕಡಿಮೆಯಿದ್ದರೆ ಪೆಟ್ಟಿಗೆಯ ಪ್ರತಿ ಬಿರುಕಿನಿಂದಲೂ ಧೂಳು ನುಸುಳುತ್ತದೆ. ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿರಿ. ಒಳಭಾಗಕ್ಕೆ ಆರು ತಿಂಗಳಿಗೊಮ್ಮೆ, ಪ್ಲಗ್ ಕಿತ್ತು, ಜಗುಲಿಗೆ ತಂದು, ಮೃದುವಾದ ಕುಂಚವನ್ನೋ ಊದುವ ಯಂತ್ರವನ್ನೋ ಬಳಸಿರಿ. ಊದುವಾಗ ಫ್ಯಾನು ಗಿರ್ರೆಂದು ತಿರುಗದಂತೆ ಅದರ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಆಯುಧಪೂಜೆಯ ದಿನ ಯಂತ್ರಕ್ಕೂ ವಿಭೂತಿ ಧರಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಯಂತ್ರವನ್ನು ಆರಿಸಿ, ತೂತಿಲ್ಲದ ಭಾಗಕ್ಕೆ ಹಚ್ಚಿದರೆ ಯಾವ ಬಾಧಕವೂ ಇಲ್ಲ. ಧೂಪದ ಹೊಗೆ ಮಾತ್ರ ಜಿಡ್ಡಾಗಿ ಕೂತು ಧೂಳನ್ನು ಹಿಡಿದುಕೊಳ್ಳುತ್ತದೆ, ದೂರವಿರಲಿ.

ನೀರಿನಿಂದ ತಂಪುಮಾಡುವ ಸಾಧನಗಳ ಬಗ್ಗೆ ಮಕ್ಕಳಿಗೆ ಮೋಹ ಹೆಚ್ಚು. ಕಾರ್ಖಾನೆಯಲ್ಲೇ ಮುಚ್ಚಿ ಬಂದದ್ದನ್ನು ಬಳಸಬಹುದು. ಬಿಡಿಬಿಡಿಯಾಗಿ ಕೊಂಡು ತಾವೇ ನೀರು ತುಂಬುವಂಥದನ್ನು ಹೊಸಬರು ಮುಟ್ಟದಿರುವುದು ಒಳಿತು; ನಮ್ಮ ಕೊಳವೆಬಾವಿಯ ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿಯ ಕಲೆಯನ್ನು ನೆನೆದರೆ ಕಾರಣ ತಿಳಿಯುತ್ತದೆ. ಹೇಗೂ ನೀರು ಸಹ ಕಾವನ್ನು ಕೊನೆಗೆ ಒಪ್ಪಿಸುವುದು ಅದೇ ಕೋಣೆಯ ಗಾಳಿಗೇ.

ಕೊಂಡು ಆಗಿಹೋದ ಯಂತ್ರಕ್ಕೂ ಕಾಸಿಲ್ಲದ ಮದ್ದೊಂದಿದೆ. ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ನೂರರಿಂದ ಎಂಬತ್ತಕ್ಕೆ ಇಳಿಸಬಹುದು. ಕಾವು ಐದನೆಯ ಒಂದು ಪಾಲು ತಗ್ಗುತ್ತದೆ, ಆಟದ ವೇಗ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ತಗ್ಗುತ್ತದೆ. ತಯಾರಕರು ಪೈಪೋಟಿಯಲ್ಲಿ ಗೆಲ್ಲಲೆಂದು ಕೊನೆಯ ನಾಲ್ಕು ಹೆಜ್ಜೆಗೆ ವಿಪರೀತ ವಿದ್ಯುತ್ತನ್ನು ಸುರಿಯುತ್ತಾರಾದ್ದರಿಂದ ಹೀಗಾಗುತ್ತದೆ. ಎ.ಎಂ.ಡಿ. ಪ್ರೊಸೆಸರುಗಳಲ್ಲಿ ‘ಇಕೋ ಮೋಡ್’ ಎಂಬ ಏರ್ಪಾಡು ಇದೇ ಉದ್ದೇಶಕ್ಕೆ ಇದೆ. 105 ವ್ಯಾಟಿನ ರೈಜನ್ 5 7600ಎಕ್ಸ್ ಅದರಿಂದ 65ರ ವರ್ಗಕ್ಕೆ ಇಳಿಯುತ್ತದೆ. ತರುಣರಿಗೆ ಇದು ಸೋಲಿನಂತೆ ತೋರಬಹುದು. ಮೇ ತಿಂಗಳ ಮೂರು ಗಂಟೆಗೆ ಆರಿಹೋಗದೆ ನಡೆಯುವ ಯಂತ್ರ ಮೇಲೋ, ಪೂರ್ಣ ಬಲದಲ್ಲಿ ಹತ್ತು ನಿಮಿಷ ಓಡಿ ನಿಲ್ಲುವುದು ಮೇಲೋ, ಅವರೇ ಹೇಳಲಿ.

ಪರೀಕ್ಷೆಯ ಕ್ರಮ ಸರಳ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಎಲ್ಲ ಉಷ್ಣತೆಗಳನ್ನೂ ತೋರಿಸುತ್ತದೆ. ಏಪ್ರಿಲಿನ ಒಂದು ಮಧ್ಯಾಹ್ನ ಅರ್ಧ ಗಂಟೆ ಆಟ ನಡೆಸಿ ಕೋಣೆ, ಪ್ರೊಸೆಸರು, ಕಾರ್ಡು, ಎಸ್‌ಎಸ್‌ಡಿ ಈ ನಾಲ್ಕರ ಅಂಕಿಗಳನ್ನು ಬರೆದುಕೊಳ್ಳಿರಿ. ಕಾರ್ಡು 80ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದು ಮತ್ತೆ ಅರ್ಧ ಗಂಟೆ ನಡೆಸಿ ನೋಡಿ. ಅಂಕಿಗಳು ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ಗಾಳಿಯ ದಾರಿ ಸರಿಯಾಗಿಯೇ ಇದೆ, ದೋಷ ವ್ಯಾಟುಗಳಲ್ಲಿ ಅಥವಾ ಕೋಣೆಯಲ್ಲಿದೆ. ಹತ್ತು ಡಿಗ್ರಿ ಇಳಿದರೆ ದೋಷ ಪೆಟ್ಟಿಗೆಯಲ್ಲೇ ಇದೆ. ಸುಟ್ಟ ವಾಸನೆ ಬಂದರಾಗಲಿ, ಎಸ್.ಎಂ.ಪಿ.ಎಸ್. ಫ್ಯಾನು ತಿರುಗದಿದ್ದರಾಗಲಿ ಈ ಪರೀಕ್ಷೆಗಳೊಂದೂ ಬೇಡ. ಗೋಡೆಯ ಸ್ವಿಚ್ಚನ್ನು ಆರಿಸಿ ಬಲ್ಲವರಿಗೆ ತೋರಿಸಬೇಕು. ಅಂಕಿ ಬರೆದ ಚೀಟಿಯನ್ನು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಡಿರಿ. ಬರುವ ವರ್ಷ ಅದೇ ತಿಂಗಳು, ಅಷ್ಟೇ ಬಿಸಿಲಿನಲ್ಲಿ ಅಂಕಿ ಏರಿದ್ದರೆ ಧೂಳು ಕಟ್ಟಿದೆಯೆಂದೋ, ಪ್ರೊಸೆಸರಿನ ಮೇಲೆ ತೊಗರಿಕಾಳಿನಷ್ಟು ಹಚ್ಚಿದ ಥರ್ಮಲ್ ಪೇಸ್ಟು ಒಣಗಿದೆಯೆಂದೋ ತಿಳಿಯುತ್ತದೆ. ಆ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚುವುದು ಒಂದು ಗಂಟೆಯ ಕೆಲಸ.

ಇಂಥ ಯಂತ್ರಕ್ಕೆ ಯಾವ ಯು.ಪಿ.ಎಸ್. ಬೇಕು, ಮನೆಯ ಇನ್ವರ್ಟರು ಸಾಕೆ ಎಂಬುದನ್ನು ಬರುವ ತಿಂಗಳು ನೋಡೋಣ.